ಸತ್ತ ಇಂಜಿನ್ನಿನ ಎರಡು ಮಚ್ಚೆ

"ನಿಲ್ಲಿಸು" ಎಂದೆ.

ಲೇತಿನ ಸದ್ದಿನಲ್ಲಿ ಸುರುಳಿಗೆ ಕೇಳಿಸಲಿಲ್ಲ. ಅವನು ಹಳಿಯ ಕೆಳಗಿನ ಹಳ್ಳದೊಳಗೆ ಬಗ್ಗಿ ನಿಂತು ಕನ್ನಡಕದ ಮೇಲಿನಿಂದ ಚಕ್ರವನ್ನೇ ನೋಡುತ್ತಿದ್ದ. ಅವನ ತಲೆಯ ಮೇಲೆ ಇಡೀ ರೈಲು ಇಂಜಿನ್ ನಿಂತಿತ್ತು. ಅದರ ಒಂದು ಜೋಡಿ ಚಕ್ರ ಮಾತ್ರ ಹಳಿಯಿಂದ ಕೂದಲೆಳೆಯಷ್ಟು ಮೇಲೆದ್ದು ಮೆಲ್ಲಗೆ ತಿರುಗುತ್ತಿತ್ತು, ಕೆಳಗಿನಿಂದ ಲೇತಿನ ಉಳಿ ಅದನ್ನು ಹೆರೆಯುತ್ತಿತ್ತು. ನೀಲಿಗಟ್ಟಿದ ಉಕ್ಕಿನ ಸುರುಳಿಗಳು ಹೊಗೆಯಾಡುತ್ತಾ ತಟ್ಟೆಗೆ ಬೀಳುತ್ತಿದ್ದವು. ಅವನ ಹೆಸರು ಬಂದದ್ದು ಅವುಗಳಿಂದಲೇ. ತಲೆಯ ಮೇಲೆ ಒಂದು ಕೂದಲೂ ಇಲ್ಲದವನನ್ನು ಸುರುಳಿ ಎಂದು ಕರೆದ ಶೆಡ್ಡಿನವರ ಕುಚೋದ್ಯಕ್ಕೆ ಏನನ್ನೋಣ.

ಎರಡನೇ ಸಲ ಕೂಗುವ ಕೆಲಸ ಇಟ್ಟುಕೊಳ್ಳಲಿಲ್ಲ. ಮೆಟ್ಟಿಲಿಳಿದು ಹೋಗಿ ಅವನ ಪಕ್ಕದ ಕೆಂಪು ಗುಂಡಿಯನ್ನು ಒತ್ತಿಬಿಟ್ಟೆ. ಚಕ್ರ ನಿಂತಿತು.

"ಏನ್ರೀ ಸುತ್ತಿಗೆಯಮ್ಮ, ನಡೀತಿರೋ ಮಿಷನ್ನಿಗೆ ಕೈ ಹಾಕ್ತೀರಾ?"

"ಈ ಚಕ್ರ ಹೆರೆಯೋಕೆ ಯಾರು ಹೇಳಿದ್ದು?"

"ಕಿವಿ ಮೇಸ್ತ್ರಿ. ಬೆಳಿಗ್ಗೆ ಮನೆಯಿಂದ ಫೋನ್ ಮಾಡಿದ್ರು. ಇದೊಂದು ಜೋಡಿ ಊಟದ ಹೊತ್ತಿಗೆ ಮುಗಿಸು ಅಂದ್ರು."

"ಪೊಲೀಸರು ಸೀಲ್ ಹಾಕಿದ್ದಾರಲ್ಲೋ."

"ಸೀಲ್ ಹಾಕಿರೋದು ಮೇಲಿನ ಬಾಗಿಲಿಗೆ. ನಾನು ಕೆಳಗಿದೀನಿ."

ಅವನ ಮಾತಿನಲ್ಲಿ ತಪ್ಪೇನಿರಲಿಲ್ಲ. ಪೊಲೀಸರು ಇಂಜಿನ್ನಿನ ಬಾಗಿಲಿಗೆ ಕಾಗದ ಅಂಟಿಸಿ, ಅರಗು ಒತ್ತಿ, ಕೈತೊಳೆದುಕೊಂಡಿದ್ದರು. ಕೊಲೆ ನಡೆದದ್ದು ಕೋಣೆಯಲ್ಲಾದರೆ ಕೋಣೆಗೆ ಬೀಗ ಹಾಕಿದರೆ ಸಾಕು. ಇಲ್ಲಿ ಕೋಣೆಗೆ ಚಕ್ರವಿತ್ತು, ಆ ಚಕ್ರದ ಮೇಲೇ ಇಡೀ ಕೊಲೆಯ ಕಥೆಯಿತ್ತು. ಅದನ್ನು ಯಾರೋ ಉಳಿಯಿಂದ ಅಳಿಸುತ್ತಿದ್ದರು.

ಮೊನ್ನೆ ನನ್ನ ಮೈದುನ ಕೆಟ್ಟುಹೋದ ಈ ಇಂಜಿನ್ನನ್ನು ತನ್ನ ಇಂಜಿನ್ನಿನ ಹಿಂದೆ ಕಟ್ಟಿ ಎಳೆದು ತಂದಿದ್ದ. ಶೆಡ್ಡಿನಲ್ಲಿ ಬಾಗಿಲು ತೆಗೆದರೆ ಒಳಗೆ ಬ್ರೇಕ್ ಪರೀಕ್ಷಕರ ಹೆಣ. ತಲೆಗೆ ಏಟು ಬಿದ್ದಿತ್ತು. ಮೈದುನ ಲಾಕಪ್ಪಿನಲ್ಲಿದ್ದ. ಈ ಮಧ್ಯಾಹ್ನವೇ ಅವನನ್ನು ಕೊಲೆಗಾರನೆಂದು ಕೋರ್ಟಿಗೆ ಒಯ್ಯುವವರಿದ್ದರು. ಅದಕ್ಕೆ ಮುಂಚೆ ಅವನನ್ನು ಬಿಡಿಸುತ್ತೇನೆಂದು ಅತ್ತೆಯ ಎದುರು ಎದೆ ತಟ್ಟಿಕೊಂಡು ಹೇಳಿ ಬಂದಿದ್ದೆ. ಅತ್ತೆ ಅನುಮಾನದಿಂದಲೇ ತಲೆಯಾಡಿಸಿದ್ದರು. ನಾನು ಮದುವೆಯಾಗಿ ಬಂದ ದಿನದಿಂದ ಅವರು ನನ್ನ ಎಲ್ಲ ಮಾತಿಗೂ ಹಾಗೆಯೇ ತಲೆಯಾಡಿಸುತ್ತಾರೆ.

ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಗಾಡಿ ನಿಂತಾಗ ಚಕ್ರಕ್ಕೆ ಸುತ್ತಿಗೆ ತಟ್ಟಿ, ಸದ್ದು ಕೇಳಿ, ಬಿರುಕಿದೆಯೋ ಇಲ್ಲವೋ ಹೇಳುವ ಕೆಲಸದಲ್ಲಿ ನನ್ನ ಅರ್ಧ ಆಯಸ್ಸು ಕಳೆಯಿತು. ಈಗ ದರ್ಜಿ ಅಂಗಡಿಯ ಮಹಡಿಯಲ್ಲಿ ಪತ್ತೇದಾರಿಕೆಯ ಬೋರ್ಡು ಹಾಕಿಕೊಂಡು ಜನರನ್ನು ತಟ್ಟಿ ನೋಡುತ್ತೇನೆ. ಎರಡರಲ್ಲೂ ನನಗೆ ಸರಿಸಾಟಿ ಯಾರೂ ಇಲ್ಲ. ಇದು ಜಂಬವಲ್ಲ, ಇದ್ದ ವಿಷಯ.

"ಎಷ್ಟು ಹೆರೆದಿದ್ದೀಯ?" ಎಂದು ಸುರುಳಿಯನ್ನು ಕೇಳಿದೆ.

"ಒಂದೇ ಸುತ್ತು. ಅಷ್ಟಕ್ಕೇ ಉಳಿಯ ಎರಡು ಟಿಪ್ಪು ಮುರೀತು. ಎಲ್ಲೋ ಒಂದು ಕಡೆ ಕಲ್ಲಿನ ಹಾಗಿದೆ."

"ಕೈಯಿಂದ ತಿರುಗಿಸು, ನೋಡೋಣ."

ಅವನು ಚಕ್ರವನ್ನು ಅಂಗುಲ ಅಂಗುಲವಾಗಿ ತಿರುಗಿಸಿದ. ಹೆರೆದ ಕಡೆಯೆಲ್ಲ ಉಕ್ಕು ಬೆಳ್ಳಗೆ ಹೊಳೆಯುತ್ತಿತ್ತು. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಆಮೇಲೆ ಆ ಹೊಳಪಿನ ನಡುವೆ ಅಂಗೈಯಗಲದ ಒಂದು ಕಪ್ಪು ಮಚ್ಚೆ ಮೇಲೆ ಬಂತು. ಇನ್ನಷ್ಟು ತಿರುಗಿಸಿದ. ಹೆಬ್ಬೆರಳಿನಷ್ಟು ಇನ್ನೊಂದು ಮಚ್ಚೆ.

ಎರಡು.

ನಾನು ಒಂದನ್ನು ನಿರೀಕ್ಷಿಸಿದ್ದೆ. ಸತ್ತ ಮನುಷ್ಯನ ಬಗ್ಗೆ ಅಲ್ಲಿಯವರೆಗೆ ನನಗೆ ಇದ್ದದ್ದು ಕುತೂಹಲ ಮಾತ್ರ. ಎರಡನೆಯದನ್ನು ನೋಡಿದ ಕ್ಷಣ ಮರುಕ ಹುಟ್ಟಿತು.

ಮಚ್ಚೆ ಎಂದರೆ ಚಕ್ರ ಚಪ್ಪಟೆಯಾದ ಜಾಗ. ಬ್ರೇಕು ಕಚ್ಚಿ ಹಿಡಿದು ಚಕ್ರ ತಿರುಗದೆ ಹಳಿಯ ಮೇಲೆ ಜಾರಿದರೆ, ಹಳಿಗೆ ತಾಗಿದ ಭಾಗ ಸವೆದು ತಗ್ಗಾಗುತ್ತದೆ, ಕಾದು ಗಟ್ಟಿಯಾಗುತ್ತದೆ. ಉಳಿಯ ತುದಿ ಮುರಿಯುವುದು ಅದರ ಅಂಚಿಗೆ ತಾಗಿಯೇ. ತಗ್ಗಿಗೆ ಮೊದಲ ಸುತ್ತಿನಲ್ಲಿ ಉಳಿ ಮುಟ್ಟುವುದಿಲ್ಲ, ಅದಕ್ಕೇ ಕಪ್ಪು ಹಾಗೇ ಉಳಿದಿತ್ತು. ಇನ್ನೆರಡು ಸುತ್ತು ಹೆರೆದಿದ್ದರೆ ಚಕ್ರ ನುಣ್ಣಗಾಗಿ, ನನ್ನ ಮೈದುನನ ಕಥೆಯೂ ಅಲ್ಲಿಗೇ ಮುಗಿಯುತ್ತಿತ್ತು.

"ಒಂದು ಗೋಣಿಚೀಲ ತಗೊಂಡು ಬಾ. ಎರಡನ್ನೂ ಮುಚ್ಚು. ಯಾರು ಕೇಳಿದ್ರೂ ತುಟಿ ಪಿಟಿಕ್ ಅನ್ನಬೇಡ" ಎಂದು ಸುರುಳಿಗೆ ಹೇಳಿದೆ.

ಮೆಟ್ಟಿಲ ಮೇಲೆ ನನ್ನ ಓರಗಿತ್ತಿ ನಿಂತಿದ್ದಳು, ಮೈದುನನ ಹೆಂಡತಿ. ಗಂಡ ಕೋರ್ಟಿಗೆ ಹೋಗುವಾಗ ಹಾಕಿಕೊಳ್ಳಲೆಂದು ಇಸ್ತ್ರಿ ಮಾಡಿದ ಅಂಗಿಯನ್ನು ಚೀಲದಲ್ಲಿ ತಂದಿದ್ದಳು. ಎರಡು ರಾತ್ರಿ ನಿದ್ದೆಗೆಟ್ಟದ್ದು ಅವಳ ಕಣ್ಣ ಕೆಳಗೆ ಕಪ್ಪಾಗಿ ಕೂತಿತ್ತು.

"ಅದೇನಕ್ಕಾ?" ಎಂದು ಕೇಳಿದಳು.

"ನಿನ್ನ ಗಂಡನ ಬಿಡುಗಡೆ ಪತ್ರ" ಎಂದೆ.

ಅವಳು ನಗಲಿಲ್ಲ.

*

ಪೊಲೀಸ್ ಸಾಹೇಬರು ಬಂದಾಗ ಅವರ ಬೂಟಿಗೆ ಎಣ್ಣೆ ಮೆತ್ತಿಕೊಂಡಿತ್ತು. ಚಿಕ್ಕ ವಯಸ್ಸಿನವರು, ಅಚ್ಚುಕಟ್ಟಾದ ಮನುಷ್ಯ, ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳುತ್ತಾರೆ. ನಾನು ಕಂಡ ಪೊಲೀಸರಲ್ಲಿ ಇದು ಅಪರೂಪ.

"ಮೇಡಂ, ನೀವು ಕರೆದ್ರಿ ಅಂತ ಬಂದೆ. ಆದ್ರೆ ನಿಮ್ಮ ಮೈದುನ ತಪ್ಪು ಒಪ್ಪಿಕೊಂಡ ಹಾಗೇ ಲೆಕ್ಕ. ಶೆಡ್ಡಿಗೆ ಬಂದ ತಕ್ಷಣ ಅವನು ಫೋನಲ್ಲಿ ಆಡಿದ ಮಾತನ್ನ ಇಲ್ಲಿನ ಕಾವಲುಗಾರ ಕೇಳಿಸಿಕೊಂಡಿದ್ದಾನೆ. ಹೊಸಬ, ಸುಳ್ಳು ಹೇಳೋ ಕಾರಣ ಇಲ್ಲ."

"ಏನು ಆಡಿದ ಮಾತು?"

"'ಸತ್ತಿದ್ದನ್ನ ನಾನೇ ಎಳ್ಕೊಂಡು ಬಂದೆ. ಮೂಲೇಲಿ ಹಾಕಿದೀನಿ. ಬೇಗ ಬಂದು ತೊಳೆದುಬಿಡಿ.' ಇದಕ್ಕಿಂತ ಇನ್ನೇನು ಬೇಕು?"

ನನಗೆ ನಗು ಉಕ್ಕಿ ಬಂತು. ಸಾಹೇಬರ ಮುಖ ನೋಡಿ ನುಂಗಿಕೊಂಡೆ. ಆಗ ತಾನೇ ಕೈ ಒರೆಸಿಕೊಳ್ಳುತ್ತಾ ಒಬ್ಬ ಫಿಟ್ಟರ್ ಆ ಕಡೆಯಿಂದ ಹೋಗುತ್ತಿದ್ದ.

"ಏನಪ್ಪಾ, ಇವತ್ತು ಸತ್ತಿದ್ದು ಎಷ್ಟಿವೆ?" ಎಂದು ಕೂಗಿ ಕೇಳಿದೆ.

"ಮೂರು ಕಣಮ್ಮ" ಎಂದ ಅವನು, ನಡಿಗೆ ನಿಲ್ಲಿಸದೆ. "ಒಂದಕ್ಕೆ ಸಂಜೆಯೊಳಗೆ ಜೀವ ಬರುತ್ತೆ. ಇನ್ನೊಂದರ ಹೊಟ್ಟೆ ಬಿಚ್ಚಿ ಹಾಗೇ ಬಿಟ್ಟಿದೀವಿ, ಸಾಮಾನು ಬಂದಿಲ್ಲ. ಮೂರನೇದು ಈ ನಿಮ್ಮ ತಲೆ ಮೇಲಿರೋದು, ಅದನ್ನ ಮುಟ್ಟೋಕೆ ಪೊಲೀಸರು ಬಿಡ್ತಿಲ್ಲ."

ಸಾಹೇಬರ ಬಾಯಿ ತೆರೆದದ್ದು ಹಾಗೇ ಇತ್ತು.

"ತನ್ನ ಶಕ್ತಿಯಿಂದ ಓಡದ ಇಂಜಿನ್ನಿಗೆ ಇಲ್ಲಿ ಸತ್ತಿದ್ದು ಅಂತಾರೆ ಸಾಹೇಬ್ರೇ. ಇನ್ನೊಂದು ಇಂಜಿನ್ ಅದನ್ನ ಎಳ್ಕೊಂಡು ಬರುತ್ತೆ. ರಿಪೇರಿಗೆ ಹಾಕೋ ಮುಂಚೆ ತೊಳೀತಾರೆ. ಮೈದುನ ಹೇಳಿದ್ದು ಅಷ್ಟೇ. ಇಲ್ಲಿ ದಿನಾ ಬೆಳಗಾದ್ರೆ ಎಲ್ಲರೂ ಸತ್ತಿದ್ದನ್ನ ಎಳೀತಾರೆ, ಊಟ ಮಾಡಿ ಮನೆಗೆ ಹೋಗ್ತಾರೆ."

ಅವರು ಟೋಪಿ ತೆಗೆದು ಹಣೆ ಒರೆಸಿಕೊಂಡರು. ತಪ್ಪಾಯಿತೆನ್ನಲು ಅವರಿಗೆ ಮುಜುಗರವಾಗಲಿಲ್ಲ. ಅದಕ್ಕಾಗಿ ಅವರ ಮೇಲಿನ ಗೌರವ ಹೆಚ್ಚಾಯಿತು.

ಓರಗಿತ್ತಿ ಮೆಟ್ಟಿಲಿಳಿದು ಬಂದು ನನ್ನ ತೋಳು ಹಿಡಿದಳು. "ಇಷ್ಟು ಸಾಕಲ್ವಾ ಅಕ್ಕಾ? ಮಾತು ತಪ್ಪು ತಿಳ್ಕೊಂಡಿದ್ರು ಅಂತ ಗೊತ್ತಾಯ್ತಲ್ಲ. ಹೋಗೋಣ, ಅವರನ್ನ ಬಿಡಿಸಿಕೊಂಡು ಹೋಗೋಣ."

ಪಾಪ, ದಣಿದಿದ್ದಾಳೆ ಎಂದುಕೊಂಡೆ. "ಇದು ಅರ್ಧ ಮಾತ್ರ. ಪೂರ್ತಿ ಬಿಡಿಸಿಯೇ ಕರ್ಕೊಂಡು ಹೋಗೋಣ" ಎಂದೆ.

ಸಾಹೇಬರೂ ತಲೆಯಾಡಿಸಿದರು. "ಹೌದಮ್ಮ, ಮಾತು ಹೋಯ್ತು, ಅನುಮಾನ ಹೋಗಲಿಲ್ಲ. ನಿಮ್ಮ ಯಜಮಾನರಿಗೂ ಆ ಪರೀಕ್ಷಕರಿಗೂ ಹೋದ ವಾರ ಎಲ್ಲರೆದುರು ಜಗಳ ಆಗಿತ್ತು. ಬ್ರೇಕ್ ಸರಿಯಿಲ್ಲ ಅಂತ ಅವರು ಇವರ ಗಾಡಿ ತಡೆದಿದ್ರು. ಹೊರಡೋ ಮುಂಚೆ ಹೊಡೆದು, ಕೆಟ್ಟ ಇಂಜಿನ್ನಿನೊಳಗೆ ಹಾಕಿ, ಏನೂ ಗೊತ್ತಿಲ್ಲದವರ ಹಾಗೆ ಎಳ್ಕೊಂಡು ಬಂದ್ರು ಅಂತ ನಾನು ಹೇಳ್ತೀನಿ. ಅಲ್ಲ ಅಂತ ತೋರಿಸಿ."

"ತೋರಿಸ್ತೀನಿ" ಎಂದೆ. ಗೋಣಿಚೀಲ ಎತ್ತಿ ಎರಡು ಮಚ್ಚೆಯನ್ನೂ ತೋರಿಸಿದೆ.

ಆಮೇಲೆ ಅವರದೇ ಫೋನ್ ತೆಗೆಸಿ, ಮೊನ್ನೆ ಅವರೇ ತೆಗೆದ ಚಿತ್ರಗಳಲ್ಲಿ ಒಂದನ್ನು ದೊಡ್ಡದು ಮಾಡಿಸಿದೆ. ಇಂಜಿನ್ನಿನ ಪಕ್ಕದಲ್ಲಿ ಕೈಬ್ರೇಕಿನ ಸರಪಳಿ ಜೋಲು ಬಿದ್ದಿತ್ತು. ಅಂದರೆ ಇಂಜಿನ್ ಶೆಡ್ಡಿಗೆ ಬಂದಾಗ ಕೈಬ್ರೇಕು ಸಡಿಲವಾಗಿತ್ತು.

"ಗಾಳಿ ಬ್ರೇಕು ಕಚ್ಚಿಕೊಂಡಿದ್ರೆ ಎಲ್ಲ ಚಕ್ರಕ್ಕೂ ಮಚ್ಚೆ ಬೀಳಬೇಕಿತ್ತು" ಎಂದೆ. "ಬಿದ್ದಿರೋದು ಈ ಒಂದೇ ಜೋಡಿಗೆ. ಕೈಬ್ರೇಕು ಹಿಡಿಯೋದೂ ಈ ಒಂದೇ ಜೋಡಿನ. ಕೈಬ್ರೇಕಿಗೆ ಕೈ ಬೇಕು. ಹೆಣಕ್ಕೆ ಕೈ ಆಡಲ್ಲ. ಗಾಡಿ ಓಡ್ತಿರುವಾಗ ಒಳಗೆ ಯಾರೋ ಬದುಕಿದ್ದವರು ಅದನ್ನ ಬಿಗಿದಿದ್ದಾರೆ. ಬಿಗಿದದ್ದು ಶೆಡ್ಡಿಗೆ ಬರುವಾಗ ಸಡಿಲ ಆಗಿತ್ತು. ಅಂದ್ರೆ ಯಾರೋ ಬಿಚ್ಚಿದ್ದಾರೆ. ಮತ್ತೆ ಬಿಗಿದಿದ್ದಾರೆ, ಮತ್ತೆ ಬಿಚ್ಚಿದ್ದಾರೆ. ಅದಕ್ಕೇ ಎರಡು ಮಚ್ಚೆ."

ಸಾಹೇಬರು ಚಕ್ರದ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ಚಿಕ್ಕ ಮಚ್ಚೆಯನ್ನು ಬೆರಳಿನಿಂದ ಸವರಿದರು.

"ಒಳಗೆ ಇಬ್ಬರಿದ್ರು" ಎಂದರು ಮೆಲ್ಲಗೆ.

"ಇಬ್ಬರು. ಒಬ್ಬರಿಗೆ ಗಾಡಿ ನಿಲ್ಲಬೇಕಾಗಿತ್ತು, ಇನ್ನೊಬ್ಬರಿಗೆ ನಿಲ್ಲಬಾರದಾಗಿತ್ತು. ಏಟು ಬಿದ್ದ ಮನುಷ್ಯನಿಗೆ ಸಹಾಯ ಕೇಳೋಕೆ ಇದ್ದದ್ದು ಅದೊಂದೇ ದಾರಿ. ಒಂದು ಸಲ ಬಿಗಿದ. ಬಿಚ್ಚಿಬಿಟ್ಟರು. ಎರಡನೇ ಸಲ ಬಿಗಿಯೋಕೆ ಶಕ್ತಿ ಸಾಲಲಿಲ್ಲ, ಅದಕ್ಕೇ ಎರಡನೇ ಮಚ್ಚೆ ಚಿಕ್ಕದು."

ಬ್ರೇಕ್ ಪರೀಕ್ಷಕರು ಸಿಡುಕಿನ ಮನುಷ್ಯ, ನನ್ನ ಕಾಲದಲ್ಲಿ ನನಗೂ ಸಾಕಷ್ಟು ಬೈದಿದ್ದರು. ಆದರೂ ಆ ಕಬ್ಬಿಣದ ಡಬ್ಬಿಯೊಳಗೆ ಒಬ್ಬರೇ ಒದ್ದಾಡಿದ್ದನ್ನು ನೆನೆದರೆ ಸಂಕಟವಾಗುತ್ತಿತ್ತು.

"ಗಾಡಿ ದಾರೀಲಿ ಎಲ್ಲೂ ನಿಂತಿಲ್ಲ, ನಿಮಗೇ ಗೊತ್ತು" ಎಂದು ಮುಂದುವರಿಸಿದೆ. "ನನ್ನ ಮೈದುನ ಮುಂದಿನ ಇಂಜಿನ್ ನಡೆಸ್ತಿದ್ದ. ಅವನ ಪಕ್ಕದಲ್ಲಿ ಸಹಾಯಕ ಇದ್ದ. ನಡುದಾರೀಲಿ ಹಿಂದಿನಿಂದ ಯಾರೋ ಸೆರಗು ಹಿಡಿದು ಜಗ್ಗಿದ ಹಾಗಾಯ್ತು, ಆಮೇಲೆ ತಾನಾಗೇ ಬಿಟ್ಟುಹೋಯ್ತು ಅಂತ ಆ ಸಹಾಯಕ ನಿನ್ನೆ ನನಗೆ ಹೇಳಿದ. ಚಕ್ರದ ಯೋಚನೆ ನನಗೆ ಬಂದದ್ದೇ ಅದರಿಂದ."

"ನಿಮ್ಮ ಮೈದುನ ಏನಂದ್ರು?"

"ಅವನು ತನಗೇನೂ ಗೊತ್ತಾಗಲಿಲ್ಲ ಅಂದ. ಲಾಕಪ್ಪಿನ ಭಯ, ಪಾಪ, ಅವನಿಗೆ ಅವನ ಹೆಸರೇ ಮರೆತ ಹಾಗಿದೆ. ಒಟ್ಟಿನಲ್ಲಿ ಮುಂದಿನ ಇಂಜಿನ್ನಿನಲ್ಲಿದ್ದವನು ಹಿಂದಿನ ಇಂಜಿನ್ನಿನ ಬ್ರೇಕು ಬಿಚ್ಚೋಕೆ ಆಗಲ್ಲ. ಸಾಹೇಬ್ರೇ, ಕಡ್ಡಿ ತುಂಡು ಮಾಡಿದ ಹಾಗೆ ಹೇಳ್ತೀನಿ. ಬ್ರೇಕು ಬಿಚ್ಚಿದವನೇ ಕೊಂದವನು. ಬೇಕಾದ್ರೆ ಬರೆದು ಸಹಿ ಹಾಕಿ ಕೊಡ್ತೀನಿ."

"ಬೇಡ, ನನಗೂ ಹಾಗೇ ಅನ್ನಿಸುತ್ತೆ" ಎಂದರು ಸಾಹೇಬರು. "ಬಿಚ್ಚಿದವನು ಯಾರು?"

"ಅವನು ಈ ಚಕ್ರ ಹೆರೆಯೋಕೆ ಹೇಳಿದವನು. ಕಿವಿ ಮೇಸ್ತ್ರಿಗಳನ್ನ ಕರೆಸಿದೀನಿ, ಬರ್ತಿದ್ದಾರೆ."

ಗೋಣಿಚೀಲವನ್ನು ಮತ್ತೆ ಹೊದಿಸಿದೆ.

*

ಕಿವಿ ಮೇಸ್ತ್ರಿಗಳು ಶೆಡ್ಡಿನ ಹಿರಿತಲೆ. ಇಂಜಿನ್ ಗೇಟಿನಾಚೆ ಇರುವಾಗಲೇ ಅದರ ಕಾಯಿಲೆ ಏನೆಂದು ಸದ್ದಿನಲ್ಲೇ ಹೇಳುವವರು. ಹೇಳಿದ್ದು ನಿಜವಾದರೆ ಒಂದು ವಾರ ಅದನ್ನೇ ಎಲ್ಲರಿಗೂ ಹೇಳಿಕೊಂಡು ತಿರುಗುವವರು. ಯಾರ ಕಿವಿ ಮೇಲು ಎಂದು ಅವರಿಗೂ ನನಗೂ ಹಳೆಯ ಜಿದ್ದು. ನಾನು ಕೆಲಸ ಬಿಟ್ಟ ದಿನ ನನ್ನ ಸುತ್ತಿಗೆಯನ್ನು ಕೈಯಲ್ಲಿ ತೂಗಿ ನೋಡಿ, "ಇದು ಒಳ್ಳೇದಿತ್ತು, ಅದಕ್ಕೇ ನಿನ್ನ ಬಂಡವಾಳ ಬಯಲಾಗಲಿಲ್ಲ" ಎಂದಿದ್ದರು.

ಎಡಗೆನ್ನೆ ಊದಿಸಿಕೊಂಡು, ದವಡೆಯಲ್ಲಿ ಹತ್ತಿಯಿಟ್ಟುಕೊಂಡು ಬಂದರು.

"ಏನು ಸುತ್ತಿಗೆ, ಪೊಲೀಸರ ಜೊತೆ ಓಡಾಟ ಜೋರಾಗಿದೆ."

"ಹಲ್ಲು ಹೇಗಿದೆ ಮೇಸ್ತ್ರಿಗಳೇ?"

"ಹೋದದ್ದು ಹೋಯ್ತು. ಮೊನ್ನೆ ಇಡೀ ದಿನ ಡಾಕ್ಟರ ಮುಂದೆ ಬಾಯಿ ತೆಕ್ಕೊಂಡು ಕೂತಿದ್ದೆ. ಆವತ್ತಿಂದ ರಜೆ. ಇವತ್ತೇ ಈ ಕಡೆ ಕಾಲಿಟ್ಟದ್ದು."

"ಹಾಗಾದ್ರೆ ಈ ಇಂಜಿನ್ ಬರುವಾಗ ನೀವು ಶೆಡ್ಡಿನಲ್ಲಿರಲಿಲ್ಲ."

"ಇರಲಿಲ್ಲ. ಸಾಹೇಬರಿಗೆ ಮೊದಲೇ ಹೇಳಿದೀನಿ."

"ಮತ್ತೆ ಈ ಜೋಡಿ ಹೆರೆಯೋಕೆ ಯಾಕೆ ಹೇಳಿದ್ರಿ?"

"ಚಪ್ಪಟೆ ಆಗಿದೆ ಅಂತ ಕೇಳಿದೆ. ಚಪ್ಪಟೆ ಚಕ್ರವನ್ನ ಹಳಿ ಮೇಲೆ ಬಿಟ್ರೆ ಹಳಿ ಸೀಳುತ್ತೆ. ನನ್ನ ಕೆಲಸ ನಾನು ಮಾಡಿದೆ. ನಿನಗೇನು ಕಷ್ಟ?"

"ಯಾರು ಹೇಳಿದ್ದು ಚಪ್ಪಟೆ ಅಂತ?"

"ಯಾರೋ ಹೇಳಿದ್ರು. ಶೆಡ್ಡಿನಲ್ಲಿ ನೂರು ಬಾಯಿ."

ಜಾಣರು, ನುಣುಚಿಕೊಂಡರು. ಸಾಹೇಬರು ನನ್ನ ಮುಖ ನೋಡಿದರು. ಈ ಮನುಷ್ಯನನ್ನು ಗದರಿಸಿ ಬಾಯಿ ಬಿಡಿಸಲು ಯಾರಿಂದಲೂ ಆಗುವುದಿಲ್ಲ. ಆದರೆ ಎಲ್ಲಿ ತಟ್ಟಬೇಕೆಂದು ನನಗೆ ಗೊತ್ತಿತ್ತು.

ನಾನು ಸಾಮಾನಿನ ಪೆಟ್ಟಿಗೆಯ ಮೇಲೆ ಕೂತು, ಸೋತವಳ ಹಾಗೆ ಕೈಚೆಲ್ಲಿದೆ.

"ಬಿಡಿ ಸಾಹೇಬ್ರೇ. ವಯಸ್ಸಾಗುತ್ತೆ, ಕಿವಿ ಮಂದ ಆಗುತ್ತೆ. ಮೊದಲಿನ ಮೇಸ್ತ್ರಿಗಳಾಗಿದ್ರೆ ಯಾರೋ ಹೇಳಿದ್ದನ್ನ ನಂಬಿ ಚಕ್ರ ಹೆರೆಸ್ತಿರಲಿಲ್ಲ. ಒಂದೇ ಒಂದು ಮಚ್ಚೆ, ಅದೂ ಇಷ್ಟೇ ಇಷ್ಟು. ಧಡ್, ಧಡ್, ಧಡ್ ಅಂತ ಹೋಗುತ್ತೆ, ಹಳಿಗೇನೂ ಆಗಲ್ಲ. ಇದಕ್ಕೆ ಇಷ್ಟು ಗಾಬರಿ."

ಮೇಸ್ತ್ರಿಗಳ ಹುಬ್ಬು ಗಂಟಾಯಿತು.

"ಒಂದಾ?"

"ಒಂದೇ. ಈಗ ತಾನೇ ನೋಡಿದೆ. ನಿಮಗೆ ಎರಡು ಅನ್ನಿಸಿರಬಹುದು. ಪರವಾಗಿಲ್ಲ ಬಿಡಿ, ಈ ವಯಸ್ಸಿಗೆ ಇಷ್ಟು ಕೇಳಿಸೋದೇ ಹೆಚ್ಚು."

"ನಿನ್ನ ಕಿವಿಗೆ ಎಣ್ಣೆ ಬಿಟ್ಕೋ" ಎಂದರು ಮೇಸ್ತ್ರಿಗಳು. ಬಂದು ನನ್ನ ಪಕ್ಕದಲ್ಲಿ ಪೆಟ್ಟಿಗೆಯ ತಗಡಿನ ಮೇಲೆ ಬೆರಳು ಬಡಿದರು. "ಒಂದೇ ಆಗಿದ್ರೆ ಹೀಗೆ ಬರುತ್ತಾ? ಧಡ್-ತಟ್, ಧಡ್-ತಟ್, ಧಡ್-ತಟ್. ದೊಡ್ಡದೊಂದು, ಅದರ ಬೆನ್ನಿಗೇ ಚಿಕ್ಕದು. ನನ್ನ ಕಿವಿಯಾರೆ ಕೇಳಿದ್ದು ಸುಳ್ಳಾಗುತ್ತಾ?"

ಅವರ ಬೆರಳು ಇನ್ನೂ ಒಂದೆರಡು ಸಲ ತಗಡನ್ನು ಬಡಿದು, ತಾನಾಗಿ ನಿಂತಿತು. ಸುರುಳಿ ಮೆಲ್ಲಗೆ ಗೋಣಿಚೀಲ ಸರಿಸಿದ. ದೊಡ್ಡದೊಂದು, ಅದರ ಬೆನ್ನಿಗೇ ಚಿಕ್ಕದು.

"ನಿಮ್ಮ ಕಿವಿಗೆ ನಾನು ಸೋತೆ ಮೇಸ್ತ್ರಿಗಳೇ" ಎಂದೆ. ಮನಸ್ಸಿನಿಂದಲೇ ಹೇಳಿದ್ದು. "ಇನ್ನೊಂದು ವಿಷಯ. ಇಂಜಿನ್ ಶೆಡ್ಡಿಗೆ ಬರೋದು ಮನುಷ್ಯ ನಡೆಯೋ ವೇಗದಲ್ಲಿ. ನೀವು ಬಡಿದು ತೋರಿಸಿದ್ದು ಗಾಡಿ ಪೂರ್ತಿ ವೇಗದಲ್ಲಿ ಓಡುವಾಗಿನ ತಾಳ. ಅದನ್ನ ಕೇಳಿಸಿಕೊಳ್ಳಬೇಕಾದ್ರೆ ಈ ಇಂಜಿನ್ನಿನೊಳಗೇ ಕೂತಿರಬೇಕು."

ಸಾಹೇಬರು ಎದ್ದು ಮೆಟ್ಟಿಲಿಗೆ ಅಡ್ಡ ನಿಂತರು. ಅದರ ಅಗತ್ಯವಿರಲಿಲ್ಲ. ಮೇಸ್ತ್ರಿಗಳು ಓಡುವ ಜಾತಿಯವರಲ್ಲ. ತಮ್ಮ ಬೆರಳನ್ನೇ ನೋಡುತ್ತಾ ನನ್ನ ಪಕ್ಕದಲ್ಲಿ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು.

ನನಗೆ ಹೆಮ್ಮೆಯಾಯಿತು, ಮುಚ್ಚುಮರೆ ಏಕೆ. ಅತ್ತೆ ಇನ್ನು ಮುಂದೆ ಹೇಗೆ ತಲೆಯಾಡಿಸುತ್ತಾರೆ ನೋಡೋಣ ಎಂದುಕೊಂಡೆ.

"ಯಾಕೆ ಕೊಂದ್ರಿ ಅವರನ್ನ?" ಎಂದು ಕೇಳಿದೆ.

"ನಾನು ಕೊಂದೆ ಅಂತ ನೀನು ಹೇಗೆ ಹೇಳ್ತೀಯ?"

"ಬ್ರೇಕು ಬಿಚ್ಚಿದವನೇ ಕೊಂದವನು. ಒಳಗಿದ್ದವರು ಇಬ್ಬರು. ಬಿಗಿದವರು ಸತ್ತಿದ್ದಾರೆ. ಉಳಿದವರು ನೀವು."

ಮೇಸ್ತ್ರಿಗಳು ತಲೆಯೆತ್ತಿ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅಷ್ಟು ವರ್ಷದ ಜಿದ್ದಿನಲ್ಲಿ ಅವರು ನನ್ನನ್ನು ಹಾಗೆ ನೋಡಿದ್ದೇ ಇಲ್ಲ. ಅಯ್ಯೋ ಪಾಪ ಎನ್ನುವ ಹಾಗಿತ್ತು.

"ಬ್ರೇಕು ಬಿಗಿದವನು ನಾನು" ಎಂದರು. "ಎರಡು ಸಲವೂ ನಾನೇ. ಪರೀಕ್ಷಕರು ಇಂಜಿನ್ ಪರೀಕ್ಷೆ ಮಾಡ್ತಾ ಜೊತೇಲೇ ಹತ್ತಿದ್ರು, ನಾನೂ ಹತ್ತಿದ್ದೆ. ನಾನು ಇಂಜಿನ್ನಿನ ಆ ತುದಿಯ ಡ್ರೈವರ್ ಕೋಣೆಯಿಂದ ಈ ಕಡೆ ಬರೋ ಹೊತ್ತಿಗೆ ಅವರು ಕೆಳಗೆ ಬಿದ್ದಿದ್ರು, ತಲೆಯಿಂದ ರಕ್ತ ಹರೀತಿತ್ತು. ಜೀವ ಇತ್ತು. ಗಾಡಿ ನಿಂತ್ರೆ ಉಳೀತಾರೆ ಅಂತ ಬ್ರೇಕು ಬಿಗಿದೆ. ನನ್ನನ್ನ ತಳ್ಳಿ ಬಿಚ್ಚಿದ. ಮತ್ತೆ ಬಿಗಿದೆ. ಎರಡನೇ ಸಲ ಬಿಗಿದು ಮುಗಿಸೋಕೆ ಬಿಡಲಿಲ್ಲ."

ಊದಿದ ಕೆನ್ನೆಯನ್ನು ಬೆರಳಿನಿಂದ ಮುಟ್ಟಿಕೊಂಡರು.

"ಈ ಹಲ್ಲು ಡಾಕ್ಟರು ಕಿತ್ತದ್ದಲ್ಲ ತಾಯಿ."

"ಯಾರು?" ಎಂದರು ಸಾಹೇಬರು. "ಬಿಚ್ಚಿದವನು ಯಾರು?"

ಮೇಸ್ತ್ರಿಗಳು ಸಾಹೇಬರ ಕಡೆ ತಿರುಗಲೇ ಇಲ್ಲ. ನನಗೇ ಹೇಳಿದರು.

"ಈ ಮಚ್ಚೆ ಯಾರನ್ನ ಹಿಡಿದು ಕೊಡುತ್ತೆ ಅಂತ ನನಗೆ ಗೊತ್ತಿತ್ತು. ಅದಕ್ಕೇ ಹೆರೆದು ಹಾಕೋಕೆ ಹೇಳಿದ್ದು. ನನಗೋಸ್ಕರ ಅಲ್ಲ. ನಿಮ್ಮ ಮನೆಗೋಸ್ಕರ. ಮುಂದಿನ ಇಂಜಿನ್ ನಡೆಸಿದ್ದು ಸಹಾಯಕ ಒಬ್ಬನೇ. ಕೆಲಸ ಹೋಗುತ್ತೆ ಅಂತ ಅವನು ಬಾಯಿ ಬಿಡ್ತಿಲ್ಲ. ನಿನ್ನ ಮೈದುನ ಹೊರಟಾಗಿನಿಂದ, ಗೇಟಿನ ಹತ್ರ ಗಾಡಿ ನಿಧಾನವಾದಾಗ ನಾವಿಬ್ಬರೂ ಇಳಿಯೋವರೆಗೂ, ಹಿಂದೆ ನಮ್ಮ ಜೊತೆಗಿದ್ದ."

"ಸುಳ್ಳು" ಎಂದೆ.

ಆದರೆ ನನ್ನ ಬಾಯಿಂದ ಬಂದ ಸದ್ದು ನನಗೇ ಒಡೆದು ಕೇಳಿಸಿತು. ಹಿಂದಿನ ಎಳೆತ ಸಹಾಯಕನಿಗೆ ಗೊತ್ತಾಗಿ ಪಕ್ಕದಲ್ಲಿದ್ದ ಡ್ರೈವರಿಗೆ ಗೊತ್ತಾಗದೆ ಇರುವುದು ಹೇಗೆ? ನಿನ್ನೆಯೇ ನಾನು ಇದನ್ನು ಕೇಳಿಕೊಳ್ಳಬೇಕಿತ್ತು. ಬೇರೆ ಯಾರ ಮೈದುನನಾಗಿದ್ದರೂ ಕೇಳಿಕೊಳ್ಳುತ್ತಿದ್ದೆ. ಭಯ ಎಂದು ನಾನೇ ಅವನ ಪರವಾಗಿ ಉತ್ತರ ಕೊಟ್ಟುಕೊಂಡಿದ್ದೆ.

ಸಾಹೇಬರು ನನ್ನ ಮುಖ ನೋಡುತ್ತಿದ್ದರು. ಹೇಳಬೇಕಾದದ್ದನ್ನೆಲ್ಲ ನಾನೇ ಹೇಳಿ ಮುಗಿಸಿದ್ದೆ, ಸಹಿ ಹಾಕಿ ಕೊಡುತ್ತೇನೆ ಎಂದೂ ಹೇಳಿದ್ದೆ. ನನ್ನ ಮೈದುನನ ಕೊರಳಿಗೆ ಹಗ್ಗ ಹೊಸೆದವಳು ನಾನು. ಮೇಸ್ತ್ರಿಗಳು ಬಂದು ಅದರ ತುದಿಯನ್ನು ಹಿಡಿದು ತೋರಿಸಿದ್ದರು, ಅಷ್ಟೇ.

ಒಂದೇ ಒಂದು ಆಸೆ ಉಳಿದಿತ್ತು. ನಾನು ಓರಗಿತ್ತಿಯ ಕಡೆ ತಿರುಗಿದೆ. ಗಂಡನ ಮೇಲೆ ಇಂಥ ಮಾತು ಬಂದಾಗ ಅವಳು ಮೇಸ್ತ್ರಿಗಳ ಕೊರಳಪಟ್ಟಿ ಹಿಡಿಯುತ್ತಾಳೆ, ಬೈಯುತ್ತಾಳೆ, ಆ ರೋಷದಲ್ಲಿ ಎಲ್ಲೋ ಒಂದು ನಿಜ ಸಿಗುತ್ತದೆ ಎಂದು ಕಾದೆ.

ಅವಳು ನನ್ನ ಕಡೆ ನೋಡಲಿಲ್ಲ. ಮೇಸ್ತ್ರಿಗಳ ಎದುರಿಗೆ ಹೋಗಿ ನಿಂತಳು. ಅವಳ ದನಿ ಏರಲಿಲ್ಲ.

"ನಿನ್ನೆ ನಮ್ಮನೇಲಿ ಕೂತು, ಇದನ್ನ ಯಾರ ಹತ್ರಾನೂ ಹೇಳಲ್ಲ ಅಂತ ನನಗೆ ಮಾತು ಕೊಟ್ಟಿದ್ರಲ್ಲ ಮೇಸ್ತ್ರಿಗಳೇ" ಎಂದಳು.